ಮೃಗರೂಪದ ಗಾಜಿನ ಕುಪ್ಪಿಗಳು: ಹಂಪಿಯ ಬಜಾರಿನ ಒಂದು ಮೀನಿನ ನೆಪದಿಂದ

ವಿರೂಪಾಕ್ಷಸ್ವಾಮಿಯ ಮಹಾಗೋಪುರದಿಂದ ಮೊದಲ್ಗೊಂಡು ಮಾತಂಗಪರ್ವತದ ತಪ್ಪಲಿನ ಎದುರುಬಸವಣ್ಣನವರೆಗೆ, ಸುಮಾರು ಮುಕ್ಕಾಲು ಕಿಲೋಮೀಟರಿನಷ್ಟು ನೇರವಾಗಿ ಚಾಚಿಕೊಂಡಿರುವ ರಥಬೀದಿಯೇ ಹಂಪಿಯ ಬಜಾರು. ಇದರ ಎರಡು ಮಗ್ಗುಲಲ್ಲಿಯೂ ಇರುವ ಕಲ್ಲುಮಂಟಪಗಳು ಈಗ ಬರಿದಾಗಿ ನಿಂತಿರುವುವು. ಆದರೆ 2011ನೆಯ ಇಸವಿಯವರೆಗೂ ಅವುಗಳಲ್ಲಿ ಅಂಗಡಿಗಳಿದ್ದುವು, ಸಂಸಾರಗಳಿದ್ದುವು. ಹಣ್ಣುಕಾಯಿ, ಕುಂಕುಮ, ಬಳೆ, ಹಿತ್ತಾಳೆಯ ಸಾಮಾನು, ಲಂಬಾಣಿ ಕಸೂತಿಯ ಚೀಲ ಮೊದಲಾದುವು ಅಲ್ಲಿ ಮಾರಾಟಕ್ಕೆ ಬರುತ್ತಿದ್ದುವು. ಅಂಥ ಒಂದು ಅಂಗಡಿಯ ಮೂಲೆಯಲ್ಲಿ, ಸುಮಾರು 25 ವರ್ಷಗಳ ಹಿಂದೆ, ನಾನು ಒಂದು ಗಾಜಿನ ಮೀನನ್ನು ಕಂಡೆನು. ಗೇಣುದ್ದದ ಹಸುರು ಗಾಜಿನ ಕುಪ್ಪಿ. ಮೈಮೇಲೆ ಹುರುಪೆಗಳ ಗೆರೆ, ಬಾಲವನ್ನು ಊರಿ ನಿಲ್ಲುವಂಥ ಅಡಿ, ತೆರೆದ ಬಾಯಿಯೇ ಕುಪ್ಪಿಯ ಬಾಯಿ. ಅಂಗಡಿಯಾತನು ಅದನ್ನು ಧೋತರದ ಅಂಚಿನಿಂದ ಒರಸಿ ನನ್ನ ಕೈಗಿಟ್ಟು, “ಮೇಷ್ಟ್ರೆ, ಇದು ರಾಯರ ಕಾಲದ್ದು, ನೆಲದಾಗ ಸಿಕ್ಕಿದ್ದು” ಎಂದನು. 300 ರೂಪಾಯಿ ತೆತ್ತು ಅದನ್ನು ಹೊಸಪೇಟೆಗೆ ತಂದು ಬೀರುವಿನಲ್ಲಿಟ್ಟೆನು.

ಮನೆಗೆ ಬಂದ ಮೇಲೆ ಎರಡು ಯೋಚನೆಗಳು ಬಾಧಿಸಿದುವು. ಆತನ ಮಾತು ನಿಜವಾಗಿದ್ದರೆ ನಾನು ಮಾಡಿದ್ದು ಅಪರಾಧ. ಸುಳ್ಳಾಗಿದ್ದರೆ ನಾನು ಮಾಡಿದ್ದು ಮೂರ್ಖತನ. ಈ ಎರಡರಲ್ಲಿ ಯಾವುದೆಂದು ತಿಳಿಯುವ ಆಸೆಯಿಂದ ಬಿಡುವಾದಾಗಲೆಲ್ಲ ಓದುತ್ತ, ಬಲ್ಲವರನ್ನು ಕೇಳುತ್ತ ಬಂದುದರ ಫಲವೇ ಈ ಲೇಖನ. ನಮ್ಮ ಸೀಮೆಯ ಅನೇಕ ಮನೆಗಳ ಬೀರುಗಳಲ್ಲಿ ಗಾಜಿನ ಹಂಸ, ಗಾಜಿನ ಕರಡಿ, ಗಾಜಿನ ನಾಯಿ ಮೊದಲಾದ ಹಳೆಯ ಕುಪ್ಪಿಗಳು ಕುಳಿತಿರುವುದುಂಟಾದ್ದರಿಂದ ಈ ವಿಚಾರವು ವಾಚಕ ಮಹಾಶಯರಿಗೂ ಉಪಯೋಗಕ್ಕೆ ಬಂದೀತೆಂದು ನಂಬಿರುವೆನು.

ಮೊದಲು ಶಬ್ದವಿಚಾರ. ನಮ್ಮ ‘ಗಾಜು’ ಎಂಬುದು ಸಂಸ್ಕೃತದ ‘ಕಾಚ’ಶಬ್ದದ ತದ್ಭವ. ‘ಕುಪ್ಪಿ’ಯು ‘ಕೂಪೀ’ ಎಂಬುದರಿಂದ ಬಂದುದು. ಸಣ್ಣ ಬಾವಿಯಂತೆ ಹೊಟ್ಟೆಯುಳ್ಳದ್ದು ಎಂದು ಭಾವ. ‘ಸೀಸೆ’ಯಾದರೋ ಪಾರಸೀ ಭಾಷೆಯ ‘ಶೀಶಾ’ ಎಂಬುದರ ರೂಪ. ಹೀಗೆ ಒಂದೇ ವಸ್ತುವಿಗೆ ಎರಡು ದಿಕ್ಕಿನಿಂದ ಹೆಸರುಗಳು ಬಂದಿರುವುದು ಆಕಸ್ಮಿಕವಲ್ಲ. ವಸ್ತುವೂ ಹಾಗೆಯೇ ಬಂದಿತೆಂಬುದನ್ನು ಮುಂದೆ ನೋಡುವೆವು. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಆಹಾರಪಾನೀಯಗಳನ್ನು ಯಾವ ಯಾವ ಪಾತ್ರೆಯಲ್ಲಿ ಬಡಿಸಬೇಕೆಂದು ವಿಧಿಸುವಲ್ಲಿ ಕಾಚಪಾತ್ರೆಯ ಹೆಸರು ಸ್ಫಟಿಕಪಾತ್ರೆಯ ಜೊತೆಯಲ್ಲಿಯೇ ಬರುವುದು. ರಸಶಾಸ್ತ್ರದಲ್ಲಿ ಕಾಚಕೂಪಿಯು ಇನ್ನೂ ಮುಖ್ಯವಾದುದು. ಮಣ್ಣು ಮೆತ್ತಿದ ಬಟ್ಟೆಯನ್ನು ಅದಕ್ಕೆ ಏಳು ಸುತ್ತು ಸುತ್ತಿ, ಒಣಗಿಸಿ, ಮರಳು ತುಂಬಿದ ವಾಲುಕಾಯಂತ್ರದಲ್ಲಿ ಹೂತು, ಕೆಳಗೆ ಉರಿಯಿಟ್ಟು ಮಕರಧ್ವಜ ಮೊದಲಾದ ಸಿದ್ಧೌಷಧಗಳನ್ನು ಪಾಕಮಾಡುವರು. ಈಗಿನ ವೈದ್ಯರು ಈ ಕಾರ್ಯಕ್ಕೆ ಬಿಯರಿನ ಬರಿದಾದ ಸೀಸೆಯನ್ನೇ ಬಳಸುವುದುಂಟು. ಶಾಸ್ತ್ರವು ಪ್ರಾಚೀನವಾದರೂ ಪಾತ್ರೆಯು ಕಾಲಕ್ಕೆ ತಕ್ಕಂತೆ ದೊರೆತದ್ದೇ ಆಗಬೇಕಷ್ಟೆ.

ಇನ್ನು ಪ್ರಾಣಿಯ ಆಕಾರದ ಗಾಜಿನ ಕುಪ್ಪಿಯು ಲೋಕದಲ್ಲಿ ಎಷ್ಟು ಹಳೆಯದು? ಈಜಿಪ್ಟ್ ದೇಶದ ಅಮರ್ನಾ ಎಂಬಲ್ಲಿ 1921ರಲ್ಲಿ ಅಗೆತ ನಡೆಸಿದವರಿಗೆ ಒಂದು ಮನೆಯ ನೆಲದ ಕೆಳಗೆ ಗಾಜಿನ ಮೀನೊಂದು ದೊರೆಯಿತು. ಅದು ಸುಮಾರು ಕ್ರಿ. ಪೂ. 1350ರ ಕಾಲದ್ದು, ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವುದು. ನೀಲಿ ಗಾಜಿನ ಮೈಮೇಲೆ ಬಿಳಿ ಹಳದಿಗಳ ಅಲೆಗೆರೆಗಳು ಹುರುಪೆಗಳಂತೆ ಹರಿದಿವೆ. ಬಾಯಿಯೇ ಕುಪ್ಪಿಯ ಬಾಯಿ. ಸುಗಂಧತೈಲವನ್ನೋ ಅಂಗಲೇಪನವನ್ನೋ ಇಡುವುದಕ್ಕಾಗಿ ಮಾಡಿದ್ದಿರಬೇಕು. ಆ ಕಾಲಕ್ಕೆ ಗಾಜನ್ನು ಊದಿ ಉಬ್ಬಿಸುವ ವಿದ್ಯೆಯಿರಲಿಲ್ಲ. ಜೇಡಿಯ ತಿರುಳೊಂದನ್ನು ಬೇಕಾದ ಆಕಾರಕ್ಕೆ ಮಾಡಿ, ಕಾದ ಗಾಜಿನ ಎಳೆಯನ್ನು ಅದರ ಮೇಲೆ ಸುತ್ತಿ, ಬಣ್ಣದ ಎಳೆಗಳನ್ನು ಮೊನೆಯಿಂದ ಗೀರಿ ಅಲೆಯೆಬ್ಬಿಸಿ, ಆರಿದ ಮೇಲೆ ಒಳಗಿನ ಜೇಡಿಯನ್ನು ಕೆರೆದು ತೆಗೆಯುತ್ತಿದ್ದರು. ಇಷ್ಟು ಶ್ರಮದ ವಸ್ತುವು ಬಡವರ ಮನೆಗೆ ಸೇರುವ ಮಾತಿಲ್ಲ.

ಕೊಳವೆಯಿಂದ ಊದುವ ವಿದ್ಯೆಯು ಕ್ರಿ. ಪೂ. ಒಂದನೆಯ ಶತಮಾನದಲ್ಲಿ ಸಿರಿಯಾ ಪ್ಯಾಲೆಸ್ಟೀನ್ ಪ್ರಾಂತದಲ್ಲಿ ಹುಟ್ಟಿತು. ಅದರಿಂದ ಗಾಜು ಅಗ್ಗವಾಯಿತು, ಆಕಾರಗಳು ಹೆಚ್ಚಿದುವು. ಇಲ್ಲಿಂದ ಮುಂದೆ ಈ ಕಥೆಯು ನಮ್ಮ ದೇಶದ ಹತ್ತಿರಕ್ಕೆ ಬರುವುದು. ಕುಶಾನರಾಜರ ಕಾಪಿಶೀನಗರವಿದ್ದ ಆಫ್ಘಾನಿಸ್ಥಾನದ ಬೇಗ್ರಾಮಿನಲ್ಲಿ ಫ್ರೆಂಚ್ ಪಂಡಿತರು 1937ರಲ್ಲಿಯೂ 1939ರಲ್ಲಿಯೂ ಮುಚ್ಚಿಹೋಗಿದ್ದ ಎರಡು ಕೋಣೆಗಳನ್ನು ತೆರೆದರು. ಅಲ್ಲಿ ಭಾರತದ ದಂತದ ಕೆತ್ತನೆ, ಚೀನದ ಅರಗಿನ ಪಾತ್ರೆ, ರೋಮಕ ಸೀಮೆಯ ಗಾಜು ಇವೆಲ್ಲ ಒಟ್ಟಿಗೆ ಇದ್ದುವು. ಆ ಗಾಜಿನ ವಸ್ತುಗಳಲ್ಲಿ ಊದಿ ಮಾಡಿದ ಮೀನಿನ ಕುಪ್ಪಿಗಳು ಹಲವು. ಅವುಗಳಿಗೆ ಬಣ್ಣದ ಗಾಜಿನ ಎಳೆಯನ್ನು ಹತ್ತಿಸಿ ಈಜುರೆಕ್ಕೆಗಳನ್ನು ಮಾಡಿರುವರು. ಕೆಂಗಡಲನ್ನೂ ಪಶ್ಚಿಮಸಮುದ್ರವನ್ನೂ ದಾಟಿಬರುತ್ತಿದ್ದ ವ್ಯಾಪಾರವು ಎಷ್ಟು ನಾಜೂಕಿನ ವಸ್ತುವನ್ನೂ ಒಡೆಯದೆ ಸಾಗಿಸುತ್ತಿತ್ತೆಂಬುದಕ್ಕೆ ಇವು ಸಾಕ್ಷಿ.

ನಮ್ಮವರು ಇದೇ ಆಕಾರಗಳನ್ನು ಮೆಚ್ಚಿದರು, ಆದರೆ ಬೇರೆ ದ್ರವ್ಯದಲ್ಲಿ. 1898ರಲ್ಲಿ ಪಿಪ್ರಾಹ್ವಾ ಸ್ತೂಪದಲ್ಲಿ ದೊರೆತ ಸ್ಫಟಿಕದ ಭರಣಿಯ ಮುಚ್ಚಳಕ್ಕೆ ಮೀನಿನ ಹಿಡಿಯಿದೆ. ತಕ್ಷಶಿಲೆಯ ಸಮೀಪದ ಸ್ತೂಪವೊಂದರಲ್ಲಿ ದೊರೆತ ಧಾತುಪಾತ್ರೆಯು ಸ್ಫಟಿಕದಲ್ಲಿ ಕೊರೆದ ಹಂಸವೇ ಆಗಿದೆ. ಸ್ಫಟಿಕವು ಸ್ವಯಂಭುವಾದ ಶಿಲೆ, ಗಾಜು ಮನುಷ್ಯನು ಕರಗಿಸಿ ಮಾಡಿದ್ದು. ನೋಟಕ್ಕೆ ಎರಡೂ ಸಮೀಪವಾದರೂ ನಮ್ಮ ಪೂರ್ವಿಕರ ಗೌರವವು ಸ್ಫಟಿಕಕ್ಕೇ ಸಂದಿತು. ಕಾಚವೆಂದರೆ ಮಣಿಯ ಸೋಗು ಹಾಕಿದ್ದು ಎಂಬ ತಾತ್ಸಾರವು ನೀತಿಗ್ರಂಥಗಳಲ್ಲಿ ಎಲ್ಲೆಲ್ಲಿಯೂ ಕಾಣುವುದು.

ಹಾಗೆಂದು ಕನ್ನಡನಾಡಿನಲ್ಲಿ ಗಾಜಿನ ಕುಲುಮೆಗಳೇ ಇರಲಿಲ್ಲವೆಂದಲ್ಲ. ಹೊಸದುರ್ಗ ಸೀಮೆಯ ಮತ್ತೋಡಿನಲ್ಲಿ ಗಾಜನ್ನು ಮಾಡುತ್ತಿದ್ದ ಕ್ರಮವನ್ನು ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು 1800-01ರ ಪ್ರವಾಸದಲ್ಲಿ ಕಂಡು, 1807ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಬರೆದಿರುವನು. ಸವುಳುಮಣ್ಣಿನಿಂದ ತೆಗೆದ ಕ್ಷಾರವನ್ನೂ ಬೆಣಚುಕಲ್ಲಿನ ಪುಡಿಯನ್ನೂ ಕೂಡಿಸಿ ಮೂಸೆಗಳಲ್ಲಿ ಕರಗಿಸಿ, ಹಲವು ಬಣ್ಣದ ಗಾಜನ್ನು ಮಾಡುತ್ತಿದ್ದರು. ಆದರೆ ಅದೆಲ್ಲವೂ ಬಳೆಗಾರನ ಮಲಾರವನ್ನು ಸೇರುತ್ತಿತ್ತೇ ಹೊರತು ಕುಪ್ಪಿಯಾಗುತ್ತಿರಲಿಲ್ಲ. ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಎಣ್ಣೆ ತುಪ್ಪಗಳಿಗೆ ಮಣ್ಣಿನ ಗಡಿಗೆ ಭರಣಿಗಳೂ ಚರ್ಮದ ಸಿದ್ದೆಯೂ, ನೀರಿಗೆ ತಾಮ್ರದ ತಂಬಿಗೆಯೂ ಸಾಕಾಗಿದ್ದುವು. ಸೀಳಿದ ತಾಮ್ರದ ತಂಬಿಗೆಯನ್ನು ತೂಕಕ್ಕೆ ಹಾಕಿ ಕಂಚುಗಾರನಿಂದ ಹೊಸದನ್ನು ಪಡೆಯಬಹುದು. ಒಡೆದ ಕುಪ್ಪಿಯನ್ನು ತಿಪ್ಪೆಗೆ ಎಸೆಯಬೇಕು. ಲೆಕ್ಕ ಬಲ್ಲ ಗೃಹಿಣಿಯು ಯಾವುದನ್ನು ಆರಿಸಿಯಾಳೆಂಬುದನ್ನು ಹೇಳಬೇಕಾದುದಿಲ್ಲ.

ಪ್ರಾಣಿಯ ರೂಪವಂತೂ ನಮ್ಮಲ್ಲಿ ಎಲ್ಲೆಲ್ಲಿಯೂ ಇತ್ತು. ಹಂಸದ ದೀಪ, ನವಿಲಿನ ಕುಂಕುಮಭರಣಿ, ಗೋಮುಖದ ಗಿಂಡಿ ಇವು ಹಿತ್ತಾಳೆ ಬೆಳ್ಳಿಗಳಲ್ಲಿ ಮನೆಮನೆಗೂ ಬಂದುವು. ಹಂಪಿಯಲ್ಲಿಯೇ ನೋಡಿರಿ: ಮಹಾನವಮಿ ದಿಬ್ಬದ ಗೋಡೆಗಳ ಮೇಲೆ ಆನೆ, ಕುದುರೆ, ಒಂಟೆಗಳ ಸಾಲು, ವಿಠಲನ ಗುಡಿಯ ಕಂಬಗಳಲ್ಲಿ ಯಾಳಿಗಳು. ಗರ್ಭಗುಡಿಯಿಂದ ಅಭಿಷೇಕದ ನೀರು ಹೊರಬೀಳುವ ಪ್ರಣಾಲಕ್ಕೆ ಮಕರದ ಮುಖವನ್ನಿಡುವ ಸಂಪ್ರದಾಯವೂ ಪ್ರಸಿದ್ಧವಾದುದೇ. ದ್ರವವು ಪ್ರಾಣಿಯ ಬಾಯಿಂದ ಸುರಿಯಬೇಕೆಂಬ ಕಲ್ಪನೆಯು ಈಜಿಪ್ಟಿನ ಗಾಜುಗಾರನಿಗೂ ನಮ್ಮ ಶಿಲ್ಪಿಗೂ ಸಮಾನವಾದುದು. ಅವನು ಅದನ್ನು ಅಂಗೈಯಗಲದ ಗಾಜಿನಲ್ಲಿ ಮಾಡಿದನು, ಇವನು ಗುಡಿಯ ಗೋಡೆಯ ಕಲ್ಲಿನಲ್ಲಿ ಮಾಡಿದನು.

ಇನ್ನು ರಾಯರ ಕಾಲದ ವಿಚಾರ. 1443ರಲ್ಲಿ ಪ್ರೌಢದೇವರಾಯನ ಆಸ್ಥಾನಕ್ಕೆ ಬಂದಿದ್ದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ಈ ಊರಿನವರು ಗುಲಾಬಿಯಿಲ್ಲದೆ ಬದುಕಲಾರರೆಂಬಂತೆ ಬಜಾರಿನ ಹೂವಿನ ಮಾರಾಟವನ್ನು ವರ್ಣಿಸಿರುವನು. ಹದಿನಾರನೆಯ ಶತಮಾನದ ಆದಿಯಲ್ಲಿ ಪೋರ್ಚುಗೀಸರ ಬಾರ್ಬೋಸನು ಇಲ್ಲಿನ ಜನರು ಶ್ರೀಗಂಧ, ಅಗರು, ಕರ್ಪೂರ, ಕಸ್ತೂರಿ, ಕೇಸರಿಗಳನ್ನು ಪನ್ನೀರಿನಲ್ಲಿ ಅರೆದು ಮೈಗೆ ಹಚ್ಚುವರೆಂದು ಹೇಳಿರುವನು. ಪನ್ನೀರು ಪಾರಸಿಕ ದೇಶದ ಪ್ರಸಿದ್ಧ ಸರಕು. ಹುರ್ಮುಜಿನಿಂದ ಕುದುರೆಗಳು ಬಂದ ಸಮುದ್ರಮಾರ್ಗವೇ ಪನ್ನೀರಿಗೂ ಮಾರ್ಗ. ಪನ್ನೀರು ಬಂದಲ್ಲಿ ಅದರ ಪಾತ್ರೆಯೂ ಬಂದಿರಬೇಕಲ್ಲವೆ ಎಂಬ ತರ್ಕವು ನನ್ನ ಮೀನಿಗೆ ಮೊದಮೊದಲು ಬಹಳ ಅನುಕೂಲವಾಗಿ ತೋರಿತು. ಹಂಪಿಯ ಉತ್ಖನನಗಳಲ್ಲಿ ಚೀನದ ಪಿಂಗಾಣಿಯ ಚೂರುಗಳು ದೊರೆತಿರುವುದರಿಂದ ದೂರದೇಶದ ಒಡೆಯುವ ವಸ್ತುಗಳು ಈ ನಗರಕ್ಕೆ ಬರುತ್ತಿದ್ದುದೂ ಸಿದ್ಧವಾಗಿದೆ. ಆದರೆ ‘ಬಂದಿರಬಹುದು’ ಎಂಬುದು ‘ಇದೇ ಬಂದದ್ದು’ ಎಂಬುದಕ್ಕೆ ಪ್ರಮಾಣವಾಗದು. ಧೂಮವನ್ನು ಕಂಡು ಅಗ್ನಿಯನ್ನು ಅನುಮಾನಿಸುವುದು ನ್ಯಾಯ. ಪರ್ವತವನ್ನು ಕಂಡ ಮಾತ್ರಕ್ಕೆ ಅಗ್ನಿಯುಂಟೆನ್ನುವುದು ನ್ಯಾಯವಲ್ಲ. 1565ರ ಯುದ್ಧದ ತರುವಾಯ ಸುಲಿಗೆಗೂ ಬೆಂಕಿಗೂ ಸಿಕ್ಕಿದ ಪಟ್ಟಣದಲ್ಲಿ ಪಿಂಗಾಣಿಯೇ ಚೂರುಚೂರಾಗಿ ದೊರೆಯುತ್ತಿರುವಾಗ, ತೆಳುಗಾಜಿನ ಮೀನೊಂದು ಈಜುರೆಕ್ಕೆಯೂ ಮುಕ್ಕಾಗದೆ ಉಳಿಯಿತೆಂಬುದನ್ನು ನಂಬುವುದಕ್ಕೆ ಬಲವಾದ ಸಾಕ್ಷ್ಯ ಬೇಕು.

ಹಾಗಾದರೆ ನಮ್ಮ ಮನೆಗಳಲ್ಲಿರುವ ಮೃಗರೂಪದ ಕುಪ್ಪಿಗಳು ಎಲ್ಲಿಯವು? ಹದಿನೇಳು ಹದಿನೆಂಟನೆಯ ಶತಮಾನಗಳಲ್ಲಿ ಜರ್ಮನರ ಸೀಮೆಯಲ್ಲಿ ಮದ್ಯಕ್ಕಾಗಿ ನಾಯಿಯ ಆಕಾರದ ಕುಪ್ಪಿಗಳನ್ನು ಊದುತ್ತಿದ್ದರು. ಪಾರಸಿಕ ದೇಶದಲ್ಲಿ ಹಂಸದ ಕೊರಳಿನಂತೆ ಬಳುಕಿದ ನೀಲಿಯ ಕುಪ್ಪಿಗಳಾದುವು. ಹತ್ತೊಂಬತ್ತನೆಯ ಶತಮಾನದಲ್ಲಿ ರುಷ್ಯದ ಮದ್ಯಕ್ಕೆ ಕುಳಿತ ಕರಡಿಯ ಸೀಸೆ ಪ್ರಸಿದ್ಧವಾಯಿತು. ನಮ್ಮ ಬಳ್ಳಾರಿ ಸೀಮೆಯು 1800ರಲ್ಲಿ ನಿಜಾಮನಿಂದ ಕುಂಪಣಿಯ ಕೈಸೇರಿ, ಬಳ್ಳಾರಿಯಲ್ಲಿ ದೊಡ್ಡ ದಂಡು ನೆಲೆಸಿದ ಮೇಲೆ ಪರದೇಶದ ಸೀಸೆಗಳಿಗೆ ದಾರಿ ತೆರೆಯಿತು. ದಂಡಿನಲ್ಲಿ ಬರಿದಾದ ಸೀಸೆಗಳು ಗುಜರಿಯವರ ಕೈಗೆ ಬಂದು, ಅಲ್ಲಿಂದ ಊರಮನೆಗಳನ್ನು ಸೇರುವುದು ಸಹಜವೇ ಆಗಿತ್ತು. ಆ ಬಳಿಕ ದೇಶೀಯ ಕಾರ್ಖಾನೆಗಳೂ ಹುಟ್ಟಿದುವು. ತಳೇಗಾಂವಿನ ಪೈಸಾ ಫಂಡ್ ಗಾಜಿನ ಕಾರ್ಖಾನೆಯು 1908ರಲ್ಲಿಯೂ, ಕರಾಡದ ಬಳಿಯ ಓಗಲೆಯವರ ಕಾರ್ಖಾನೆಯು 1916ರಲ್ಲಿಯೂ ಮೊದಲಾದುವು. ಓಗಲೆಯವರ ಪ್ರಭಾಕರ ಕಂದೀಲನ್ನು ಬಲ್ಲ ಹಿರಿಯರು ಈಗಲೂ ಇರುವರು. ಇಂಥ ವಸ್ತುಗಳನ್ನು ಬಹುದೊಡ್ಡ ಪ್ರಮಾಣದಲ್ಲಿ ಶೇಖರಿಸಿದ ಮಹನೀಯರಲ್ಲಿ ಹೈದರಾಬಾದಿನ ಮೂರನೆಯ ಸಾಲಾರ್ ಜಂಗರು (1889-1949) ಪ್ರಖ್ಯಾತರು; 1951ರಲ್ಲಿ ತೆರೆದ ಅವರ ಹೆಸರಿನ ವಸ್ತುಸಂಗ್ರಹಾಲಯದಲ್ಲಿ ನಾನಾ ದೇಶಗಳ ಗಾಜನ್ನು ಒಂದೆಡೆ ನೋಡಬಹುದು.

ಕುಪ್ಪಿಯ ವಯಸ್ಸನ್ನು ಅದರ ಮೈಯೇ ಬಹುಮಟ್ಟಿಗೆ ಹೇಳುವುದು. ಊದಿ ಮಾಡಿದ ಕುಪ್ಪಿಯನ್ನು ಕಬ್ಬಿಣದ ಸಲಾಕೆಯಿಂದ ಬಿಡಿಸಿದಾಗ ಅಡಿಯಲ್ಲಿ ಒರಟಾದ ಗಾಯದ ಗುರುತು ಉಳಿಯುವುದು. ಎರಡು ಹೋಳಿನ ಅಚ್ಚಿನಲ್ಲಿ ಊದಿದ್ದಾದರೆ ಮೈಯ ಎರಡು ಪಕ್ಕಗಳಲ್ಲಿ ಕೂಡುಗೆರೆಯಿರುವುದು. ಆದರೆ ಬಾಯಿಯನ್ನು ಕೈಯಿಂದ ತಿದ್ದುವ ಕಾರಣ ಆ ಗೆರೆಯು ಕೊರಳಿನಲ್ಲಿಯೇ ಮಾಯವಾಗುವುದು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಮೆರಿಕದ ಓವೆನ್ಸ್ ಎಂಬಾತನು ಸೀಸೆಗಳನ್ನು ತಾನಾಗಿ ಮಾಡುವ ಯಂತ್ರವನ್ನು ಕಂಡುಹಿಡಿದ ಮೇಲೆ, ಕೂಡುಗೆರೆಯು ಬಾಯಿಯ ಅಂಚನ್ನೂ ದಾಟಿಹೋಗುವಂತಾಯಿತು. ಗಾಜಿನಲ್ಲಿ ಗುಳ್ಳೆಗಳಿದ್ದ ಮಾತ್ರಕ್ಕೆ ಹಳೆಯದೆನ್ನಲಾಗದು. ಹೊಸದರಲ್ಲಿಯೂ ಬೇಕೆಂದೇ ಗುಳ್ಳೆಯೆಬ್ಬಿಸುವರು. ಬಹುಕಾಲ ಮಣ್ಣಿನಲ್ಲಿದ್ದ ಗಾಜಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ಕಟ್ಟುವುದು ನಿಜ; ಅದನ್ನೂ ಆಮ್ಲದಿಂದ ಹುಟ್ಟಿಸಬಲ್ಲ ಚತುರರು ಇರುವರು.

ಇಷ್ಟನ್ನು ತಿಳಿದುಕೊಂಡ ಮೇಲೆ ಒಂದು ಸಂಜೆ ನನ್ನ ಮೀನನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆನು. ಕೂಡುಗೆರೆಯು ಹೊಟ್ಟೆಯಿಂದ ಹತ್ತಿ, ಕಿವಿರುಗಳನ್ನು ದಾಟಿ, ತುಟಿಯ ಮೇಲೆ ಹಾಯ್ದು ಒಳಗಿಳಿದಿತ್ತು. ಅಡಿಯಲ್ಲಿ ಗಾಯವಿಲ್ಲ, ಸವೆತವಿಲ್ಲ. ಅದು ಯಂತ್ರದ ಮೀನು. ರಾಯರ ಕಾಲಕ್ಕೂ ಅದಕ್ಕೂ ಯಾವ ನಂಟೂ ಇಲ್ಲ. ಅಪರಾಧದಿಂದ ಬಿಡುಗಡೆಯಾಯಿತು, ಮೂರ್ಖತನವು ಸ್ಥಿರವಾಯಿತು.

ಅಪರಾಧವೆಂದು ಏಕೆ ಹೇಳಿದೆನೆಂದರೆ, 1878ರ ನಿಧಿಶಾಸನದ ಮೇರೆಗೆ ನೆಲದಲ್ಲಿ ಹುದುಗಿದ್ದು 10 ರೂಪಾಯಿಗೆ ಮೀರಿದ ಬೆಲೆಯುಳ್ಳ ವಸ್ತುವು ದೊರೆತರೆ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು. 1972ರ ಪುರಾವಸ್ತು ಶಾಸನದ ಮೇರೆಗೆ 100 ವರ್ಷಕ್ಕೆ ಕಡಿಮೆಯಿಲ್ಲದ ಇಂಥ ಕುಶಲವಸ್ತುಗಳು ಪುರಾವಸ್ತುಗಳೆನಿಸುವುವು. ಅನುಮತಿಪತ್ರವಿಲ್ಲದೆ ಅವುಗಳ ವ್ಯಾಪಾರ ಮಾಡುವಂತಿಲ್ಲ, ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಇವುಗಳನ್ನು ಕೇವಲ ಸರಕಾರದ ಕಟ್ಟಳೆಗಳೆಂದು ಬಹಳ ಕಾಲ ಭಾವಿಸಿದ್ದೆನು. ಅವುಗಳ ಹಿಂದಿರುವ ವಿವೇಕವು ನನಗೆ ತಿಳಿದುದು ಬೇರೊಂದು ಪ್ರಸಂಗದಿಂದ. ಅದು ನನ್ನದೇ ತಪ್ಪಾದ್ದರಿಂದ ಮುಚ್ಚುಮರೆಯಿಲ್ಲದೆ ಅರಿಕೆಮಾಡುವೆನು.

ಪಾಠಶಾಲೆಯ ವಿದ್ಯಾರ್ಥಿಯಾಗಿದ್ದಾಗ ಒಂದು ಮಳೆಗಾಲದಲ್ಲಿ, ಕಮಲಾಪುರದ ಕಡೆಯ ಬಾಳೆಯ ತೋಟಗಳ ನಡುವೆ ಗೆಳೆಯರೊಡನೆ ಹೋಗುತ್ತಿದ್ದೆನು. ಮಣ್ಣು ಕೊಚ್ಚಿಹೋದ ಒಂದು ಬದುವಿನಲ್ಲಿ ಬಿಳಿಯದೇನೋ ಮಿನುಗಿತು. ತೆಗೆದು ತೊಳೆದರೆ ಪಿಂಗಾಣಿಯ ಚೂರು; ಎರಡು ಬೆರಳಗಲ. ಅದರ ಮೇಲೆ ನೀಲಿಯಲ್ಲಿ ಬರೆದ ಯಾವುದೋ ಪ್ರಾಣಿಯ ಹಿಂಗಾಲು, ಗೊರಸು. ಉಳಿದ ಮೈ ಇರಲಿಲ್ಲ. ಅದನ್ನು ಪಂಚೆಯ ಗಂಟಿನಲ್ಲಿ ಕಟ್ಟಿ ತಂದು, ಅಮರಕೋಶದ ಪಕ್ಕದಲ್ಲಿಟ್ಟುಕೊಂಡೆನು. ಎಷ್ಟೋ ವರ್ಷಗಳಾದ ಮೇಲೆ, ಹಂಪಿಯ ಅವಶೇಷಗಳನ್ನು ಶೋಧಿಸುತ್ತಿದ್ದ ವಿದ್ವಾಂಸರೊಬ್ಬರಿಗೆ ಅದನ್ನು ಅಭಿಮಾನದಿಂದ ತೋರಿಸಿದೆನು. ಅವರು ಕನ್ನಡಕವನ್ನು ಹಣೆಗೇರಿಸಿ, ಚೂರನ್ನು ತಿರುಗಿಸಿ ನೋಡಿ, ಒಂದೇ ಪ್ರಶ್ನೆ ಕೇಳಿದರು: “ಎಲ್ಲಿ ಸಿಕ್ಕಿತು?” ಯಾವ ತೋಟ, ಯಾವ ಬದು, ಎಷ್ಟು ಆಳ, ಜೊತೆಯಲ್ಲಿ ಇನ್ನೇನಿತ್ತು? ನನ್ನಲ್ಲಿ ಉತ್ತರವಿರಲಿಲ್ಲ. ಆ ಬದು ಯಾವುದೆಂದು ಗೆಳೆಯರಿಗೂ ನೆನಪಿರಲಿಲ್ಲ. ಅವರು ಬೇಸರಿಸಿಕೊಳ್ಳದೆ, “ಹೀಗಾದರೆ ಇದು ಚೀನದ ಚೂರು ಎನ್ನಬಹುದು, ಹಂಪಿಯ ಚೂರು ಎನ್ನುವುದು ಕಷ್ಟ” ಎಂದರು. ಅದನ್ನು ಅವರ ವಶಕ್ಕೇ ಒಪ್ಪಿಸಿ ಮನೆಗೆ ಬಂದೆನು.

ಆ ಚೂರು ಇದ್ದ ಸ್ಥಳದಲ್ಲಿಯೇ ಇದ್ದಿದ್ದರೆ, ಯಾವ ಮನೆಯವರು ಯಾವ ಕಾಲದಲ್ಲಿ ಚೀನದ ತಟ್ಟೆಯಲ್ಲಿ ಉಣ್ಣುತ್ತಿದ್ದರೆಂಬುದನ್ನು ಎಂದಾದರೊಂದು ದಿನ ಹೇಳುತ್ತಿದ್ದೀತು. ನಾನು ಎತ್ತಿಕೊಂಡದ್ದು ಎರಡು ಬೆರಳಗಲದ ಪಿಂಗಾಣಿ. ಅಳಿಸಿದ್ದು ಅದರ ಇತಿಹಾಸ. ಅಮರ್ನಾದ ಮೀನಿಗೆ ಇಷ್ಟು ಪ್ರತಿಷ್ಠೆ ಬಂದುದು ಅದರ ಅಂದದಿಂದ ಮಾತ್ರವಲ್ಲ. ಯಾವ ಮನೆಯ ನೆಲದ ಕೆಳಗೆ ದೊರೆಯಿತೆಂಬುದನ್ನು ತೆಗೆದವರು ಬರೆದಿಟ್ಟುದರಿಂದ. ಬೇಗ್ರಾಮಿನ ಕುಪ್ಪಿಗಳೂ ಹಾಗೆಯೇ: ದಂತ, ಅರಗು, ಗಾಜು ಒಂದೇ ಕೋಣೆಯಲ್ಲಿದ್ದುವೆಂಬ ಸಂಗತಿಯೇ ಅವುಗಳ ಮುಖ್ಯವಾದ ಬೆಲೆ. 1990ರ ದಶಕದ ಅಂತರ್ಯುದ್ಧದಲ್ಲಿ ಕಾಬೂಲಿನ ವಸ್ತುಸಂಗ್ರಹಾಲಯವು ಕೊಳ್ಳೆಹೋದಾಗ ಬೇಗ್ರಾಮಿನ ಎಷ್ಟೋ ವಸ್ತುಗಳು ಕಳೆದುವು. ಅಲ್ಲಿನ ನೌಕರರು ಪ್ರಾಣಭಯವನ್ನು ಲೆಕ್ಕಿಸದೆ ಅಡಗಿಸಿಟ್ಟು ಗುಟ್ಟು ಬಿಡದಿದ್ದುದರಿಂದ ಕೆಲವು ಉಳಿದುವು.

ಸಂಗ್ರಹದ ಹವ್ಯಾಸವನ್ನು ನಾನು ನಿಂದಿಸುವುದಿಲ್ಲ. ಹಳೆಯ ಸೀಸೆಯನ್ನು ಒರಸಿ ಬೀರುವಿನಲ್ಲಿಡುವ ಮನೆಯು ಹಳೆಯ ಮಾತನ್ನೂ ಉಳಿಸಿಕೊಂಡೀತು. ವಾಚಕರಲ್ಲಿ ನನ್ನ ಪ್ರಾರ್ಥನೆ ಇಷ್ಟೇ: ನೆಲದಲ್ಲಿ ಕಂಡುದನ್ನು ನೆಲದಲ್ಲಿಯೇ ಬಿಟ್ಟು, ತಿಳಿಸಬೇಕಾದವರಿಗೆ ತಿಳಿಸಿರಿ. ಮನೆಯಲ್ಲಿರುವ ಹಂಸವೋ ಕರಡಿಯೋ ಯಾರಿಂದ, ಯಾವ ಊರಿನಿಂದ, ಯಾವ ವರುಷ ಬಂದಿತೆಂಬುದನ್ನು ಬಲ್ಲ ಅಜ್ಜಿಯರು ಇರುವಾಗಲೇ ಕೇಳಿ ಒಂದು ಚೀಟಿಯಲ್ಲಿ ಬರೆದು ಅದರೊಳಗಿಡಿರಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದೇ ಬರೆಯಿರಿ. ‘ರಾಯರ ಕಾಲದ್ದು’ ಎಂದು ಬರೆಯಬೇಡಿರಿ.

ನನ್ನ ಮೀನಿಗೂ ಚೀಟಿ ಬರೆಯಬೇಕೆಂದು, ಅದನ್ನು ಮಾರಿದವನು ಎಲ್ಲಿಂದ ತಂದನೆಂದು ವಿಚಾರಿಸಲು ಹಂಪಿಗೆ ಹೋದೆನು. ನಾನು ತಡಮಾಡಿದ್ದೆನು. 2011ರ ಜುಲೈ ತಿಂಗಳಲ್ಲಿ ಬಜಾರಿನ ಮಂಟಪಗಳಲ್ಲಿದ್ದ ಅಂಗಡಿಗಳನ್ನೂ ಮನೆಗಳನ್ನೂ ತೆರವು ಮಾಡಿಸಿದ್ದರು. ಪ್ರಾಚೀನ ಬೀದಿಯ ಸಂರಕ್ಷಣೆಗಾಗಿ ಅದು ಆಗಬೇಕಾಗಿತ್ತೆನ್ನುವವರುಂಟು. ತಲೆತಲಾಂತರದಿಂದ ಅಲ್ಲಿ ಬಾಳಿದವರು ಕೂಡ ಆ ಬೀದಿಯ ಚರಿತ್ರೆಯ ಭಾಗವಲ್ಲವೇ ಎನ್ನುವವರೂ ಉಂಟು. ನಾನು ನಿಂತು ನೋಡಿದ ಮಂಟಪದ ಕಂಬದಲ್ಲಿ ಒಂದು ಮೊಳೆಯೂ, ಗೋಡೆಯ ಸುಣ್ಣದ ಗುರುತೂ ಉಳಿದಿದ್ದುವು. ಆ ಅಂಗಡಿಯವನು ಎಲ್ಲಿಗೆ ಹೋದನೆಂದು ಹೇಳುವವರು ದೊರೆಯಲಿಲ್ಲ.

ಹಿಂದಿರುಗಿ ಬಂದು ಚೀಟಿ ಬರೆದು ಮೀನಿನ ಬಾಯೊಳಗೆ ಇಳಿಬಿಟ್ಟೆನು: “ಯಂತ್ರದಲ್ಲಿ ಮಾಡಿದ್ದು. ಹಂಪಿಯ ಬಜಾರಿನಲ್ಲಿ, ಉತ್ತರದ ಸಾಲಿನ ಒಂದು ಮಂಟಪದ ಅಂಗಡಿಯಲ್ಲಿ 300 ರೂಪಾಯಿಗೆ ಕೊಂಡದ್ದು. ಆ ಅಂಗಡಿ ಈಗ ಇಲ್ಲ.”